ಒಂದು ಪ್ರಾರ್ಥನೆಗೆ ಒಂದು ಪಿಜ್ಜಾ

ದೊಡ್ಡಮ್ಮ ಎಂಬ ಹೆಸರು ಅವರಿಗೆ ಅಂಟಿಕೊಂಡದ್ದು ಆಸ್ಪತ್ರೆಯ ಅಡುಗೆಮನೆಯಲ್ಲಿ. ಆಗ ಅವರಿಗೆ ಮೂವತ್ತು ಕೂಡ ತುಂಬಿರಲಿಲ್ಲ. ಎತ್ತರದ ಮಾತು ಬಂದರೆ, ದೊಡ್ಡ ಹಂಡೆಯೊಳಗೆ ಇಣುಕಲು ಕಾಲ ಕೆಳಗೆ ಮಣೆ ಹಾಕಿಕೊಳ್ಳಬೇಕಿತ್ತು. ಆದರೂ ದೊಡ್ಡಮ್ಮ. ತಲೆ ಪೂರ್ತಿ ನೆರೆತಿದ್ದ ತರಕಾರಿ ಹೆಚ್ಚುವವನು ಕೂಡ "ದೊಡ್ಡಮ್ಮ, ಸ್ವಲ್ಪ ಬಾಯಿಗೆ ಹಾಕ್ಕೊಂಡು ನೋಡಿ" ಎಂದು ಸೌಟು ಹಿಡಿದುಕೊಂಡು ಬರುತ್ತಿದ್ದ.

ಆ ಅಡುಗೆಮನೆಯಲ್ಲಿ ಒಂದೇ ಕಟ್ಟುಪಾಡು. ದೊಡ್ಡಮ್ಮ ಅಂಗೈಗೆ ಒಂದು ಹನಿ ಹಾಕಿಸಿಕೊಂಡು, ನೆಕ್ಕಿ, "ಸರಿ" ಎನ್ನುವ ತನಕ ಯಾವ ಪಾತ್ರೆಯೂ ವಾರ್ಡಿನ ಕಡೆ ಹೊರಡುವಂತಿಲ್ಲ. "ಸರಿ" ಎಂದರೆ ಮುಚ್ಚಳ ಬೀಳುತ್ತಿತ್ತು. ಏನೂ ಅನ್ನದೆ ಸುಮ್ಮನೆ ನಿಂತರೆ ಪಾತ್ರೆ ಮತ್ತೆ ಒಲೆಗೆ. ಏನು ಕಡಿಮೆಯಾಗಿದೆ ಎಂದು ಅವರು ಬಾಯಿ ಬಿಡುತ್ತಿರಲಿಲ್ಲ. ಅದನ್ನು ಹುಡುಕಿಕೊಳ್ಳುವುದು ಮಾಡಿದವರ ಹಣೆಬರಹ.

ಮೂಗಂತೂ ನಾಲಿಗೆಗಿಂತ ಒಂದು ಕೈ ಮೇಲೆ. ಕಾರಿಡಾರಿನ ಆ ತುದಿಯಲ್ಲಿ ಕೂತು ಬಟಾಣಿ ಬಿಡಿಸುತ್ತಲೇ "ಕೆಳಗಿನ ತಟ್ಟೆ ತೆಗೀರಿ" ಎನ್ನುತ್ತಿದ್ದರು. ಓವನ್ ತೆರೆದು ನೋಡಿದರೆ ಕೆಳಗಿನ ತಟ್ಟೆಯ ಬ್ರೆಡ್ಡು ಆಗಷ್ಟೇ ಕೆಂಪಗಾಗಿರುತ್ತಿತ್ತು. ನರ್ಸುಗಳು ಇದನ್ನು ಪವಾಡದ ಲೆಕ್ಕಕ್ಕೆ ಸೇರಿಸಿದ್ದರು. ದೊಡ್ಡಮ್ಮ ಸೇರಿಸಿರಲಿಲ್ಲ. "ಮೂಗು ಇರೋದೇ ಅದಕ್ಕೆ. ಕನ್ನಡಕ ಕೂರಿಸೋಕೆ ಅಂತ ದೇವರು ಕೊಟ್ಟಿದ್ದಲ್ಲ" ಎನ್ನುತ್ತಿದ್ದರು.

ನಿವೃತ್ತಿಯ ದಿನ ಆಸ್ಪತ್ರೆಯವರು ಒಂದು ಗೋಡೆ ಗಡಿಯಾರ ಕೊಟ್ಟರು. ಜನ್ಮವಿಡೀ ಗಡಿಯಾರ ನೋಡದೆ ಬೇಯಿಸಿದವರಿಗೆ ಅದನ್ನೇ ಯಾಕೆ ಕೊಟ್ಟರೆಂದು ದೊಡ್ಡಮ್ಮನಿಗೆ ಅರ್ಥವಾಗಲಿಲ್ಲ. ಅದನ್ನು ಮಗನ ಮನೆಯ ಹಾಲಿನಲ್ಲಿ ನೇತುಹಾಕಿದರು. ಅಲ್ಲಿ ಅದು ಸದಾ ಸ್ವಲ್ಪ ಮುಂದೆ ಓಡುತ್ತ, ಬಸ್ ಡ್ರೈವರನಾದ ಮಗನನ್ನು ಹೊತ್ತಿಗೆ ಸರಿಯಾಗಿ ಮನೆಯಿಂದ ಹೊರಗೆ ಹಾಕುವ ಪುಣ್ಯದ ಕೆಲಸ ಮಾಡಿಕೊಂಡಿತ್ತು.

ಮಗನ ಮನೆಯ ಅಡುಗೆಮನೆ ಬಲು ಇಕ್ಕಟ್ಟು. ಒಳಗೆ ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕು. ಫ್ರಿಜ್ಜಿಗೂ ಓವನ್ನಿಗೂ ನಡುವೆ ಒಂದು ಸ್ಟೂಲು ಹಿಡಿಯುವಷ್ಟು ಜಾಗವಿತ್ತು. ಆ ಸ್ಟೂಲು ದೊಡ್ಡಮ್ಮನ ಪೀಠವಾಯಿತು. ಆಸ್ಪತ್ರೆಯ ಕಟ್ಟುಪಾಡೂ ಅವರ ಹಿಂದೆಯೇ ಈ ಮನೆಗೆ ಬಂತು. ಸಂಜೆ ಸೊಸೆ ಸೌಟಿನ ತುದಿಯಲ್ಲಿ ಒಂದು ಹನಿ ಹಿಡಿದು "ಅತ್ತೆ, ಕೈ" ಎನ್ನುವಳು. ಅತ್ತೆ ಅಂಗೈ ಚಾಚುವರು. "ಸರಿ." ಮುಚ್ಚಳ ಬೀಳುವುದು. ಅತ್ತೆ ಸೊಸೆಯರ ನಡುವೆ ದಿನಕ್ಕೆ ಇಷ್ಟೇ ಮಾತಾದರೂ ಇಬ್ಬರಿಗೂ ಸಾಕಾಗುತ್ತಿತ್ತು. ಸೊಸೆಗೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಕೆಲಸ. ದಿನವಿಡೀ ಒಂದೊಂದು ಗಾಜನ್ನೂ ಬೆಳಕಿಗೆ ಹಿಡಿದು, ಎಲ್ಲಿ ಕೂದಲೆಳೆಯ ಗೆರೆ ಇದೆ ಎಂದು ಹುಡುಕುವವಳು ಮನೆಗೆ ಬಂದ ಮೇಲೆ ಮಾತನ್ನು ದುಂದು ಮಾಡುತ್ತಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಮನೆಮಂದಿಗೆಲ್ಲ ನೆಗಡಿ ಜ್ವರ ಬಂತು. ಮೊದಲು ಮೊಮ್ಮಗಳಿಗೆ, ಆಮೇಲೆ ಮಗನಿಗೆ, ಸೊಸೆಗೆ, ಕೊನೆಗೆ ದೊಡ್ಡಮ್ಮನಿಗೆ. ಎಲ್ಲರಿಗೂ ವಾಸಿಯಾಯಿತು. ದೊಡ್ಡಮ್ಮನಿಗೂ ವಾಸಿಯಾಯಿತು, ಮೂಗೊಂದನ್ನು ಬಿಟ್ಟು.

ಅದು ಗೊತ್ತಾದದ್ದು ಕಿತ್ತಳೆ ಸುಲಿಯುವಾಗ. ಉಗುರು ಸಿಪ್ಪೆಗೆ ತಾಗಿದ್ದೇ ಒಂದು ಹನಿ ಚಿಮ್ಮಿ ಕಣ್ಣಿಗೆ ಬಿತ್ತು. ಕಣ್ಣು ಉರಿಯಿತು. ಆದರೆ ಕಣ್ಣಿಗೆ ಮುಟ್ಟಿದ ಸುದ್ದಿ ಮೂಗಿಗೆ ಮುಟ್ಟಲಿಲ್ಲ. ದೊಡ್ಡಮ್ಮ ಸಿಪ್ಪೆಯನ್ನು ಹಿಚುಕಿ ಹಿಚುಕಿ ಮೂಗಿನ ತುದಿಗೆ ಹಿಡಿದರು. ಏನೂ ಇಲ್ಲ. ಎದ್ದು ಹೋಗಿ ಮೈಸೋಪನ್ನು ಮೂಸಿದರು. ನೆಲ ಒರೆಸುವ ದ್ರವವನ್ನು ಮೂಸಿದರು. ಕೊನೆಗೆ, ಬೆಳಗಿನಿಂದ ಬಸ್ಸು ಓಡಿಸಿ ಬಂದಿದ್ದ ಮಗನ ಕಾಲುಚೀಲವನ್ನು ಎರಡು ಬೆರಳಿನಲ್ಲಿ ಎತ್ತಿ ಮೂಸಿದರು. ಆ ಕಾಲುಚೀಲವೂ ಸುಮ್ಮನಿದ್ದುಬಿಟ್ಟಾಗ ವಿಷಯ ಗಂಭೀರವಾದದ್ದೆಂದು ಅವರಿಗೆ ಖಾತ್ರಿಯಾಯಿತು.

ಮೂಗಿನ ಬೆನ್ನಿಗೇ ನಾಲಿಗೆಯೂ ಹೊರಟುಹೋಗಿತ್ತು. ಉಪ್ಪು ಹುಳಿ ಸಿಹಿಗಳೆಲ್ಲ ಗೋಡೆಯಾಚೆಗಿನ ಮನೆಯವರ ಮಾತಿನಂತೆ, ಏನೋ ಇದೆ, ಏನೆಂದು ತಿಳಿಯದು. ಖಾರ ಒಂದೇ ಉಳಿದಿತ್ತು. ಆದರೆ ಖಾರ ರುಚಿಯಲ್ಲ, ಪೆಟ್ಟು. ಪೆಟ್ಟು ಬಿದ್ದದ್ದು ಯಾರಿಗಾದರೂ ಗೊತ್ತಾಗುತ್ತದೆ.

ಈ ಮಾತನ್ನು ಅಂದೇ ಮನೆಯವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೆ ಕಾರಣ ಆಸ್ಪತ್ರೆಯ ಅಡುಗೆಮನೆಯಲ್ಲಿದ್ದ ಹಳೆಯ ಬ್ರೆಡ್ಡಿನವನು. ಅವನ ಕೈ ನಡುಗಲು ಶುರುವಾದಾಗ ಯಾರೂ ಅವನನ್ನು ಗದರಲಿಲ್ಲ. ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿ "ನೀನು ಕೂತ್ಕೋ, ಸುಧಾರಿಸ್ಕೋ" ಎಂದರು. ಹೋಗುವಾಗ ಬರುವಾಗ ಎಲ್ಲರೂ ಅವನನ್ನು ನೋಡಿ ನಗುತ್ತಿದ್ದರು, ಚಹಾ ಕೊಡುತ್ತಿದ್ದರು. ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಹಿಟ್ಟು ಹದವಾಗಿದೆಯೇ ಎಂದು ಒಬ್ಬರೂ ಅವನ ಕಡೆ ತಿರುಗಲಿಲ್ಲ. ಎರಡು ವಾರ ಕೂತು, ಮೂರನೇ ವಾರ ಅವನು ಬರಲೇ ಇಲ್ಲ. ಆ ಕುರ್ಚಿ ಹಾಕಿದವರು ದೊಡ್ಡಮ್ಮನೇ. ಪ್ರೀತಿಯಿಂದಲೇ ಹಾಕಿದ್ದರು. ಅದಕ್ಕೇ ಅವರಿಗೆ ಭಯ.

ಹೀಗಾಗಿ ದೊಡ್ಡಮ್ಮ ಹೊಸ ವಿದ್ಯೆ ಕಲಿತರು. ಸೊಸೆ ಉಪ್ಪಿನ ಡಬ್ಬಿಗೆ ಎಷ್ಟು ಸಲ ಕೈ ಹಾಕಿದಳೆಂದು ಸ್ಟೂಲಿನ ಮೇಲಿಂದ ಓರೆಗಣ್ಣಿನಲ್ಲಿ ನೋಡಿಕೊಳ್ಳುವುದು. ಅಂಗೈ ನೆಕ್ಕಿ, ಕಣ್ಣು ಮುಚ್ಚಿ, ಯೋಚಿಸುವವರ ಹಾಗೆ ತಲೆ ಆಡಿಸುವುದು. ಅನುಮಾನ ಬಂದ ದಿನ "ಒಂದು ಚೂರು ಉಪ್ಪು ಸಾಲದು" ಎನ್ನುವುದು. ಅನುಮಾನ ಬರದ ದಿನ ಇರಲಿಲ್ಲ. ಸೊಸೆ ಮರುಮಾತಾಡದೆ ಇನ್ನೊಂದು ಚಿಟಿಕೆ ಹಾಕುತ್ತಿದ್ದಳು. ಮಗ ಮರುಮಾತಾಡದೆ ಉಣ್ಣುತ್ತಿದ್ದ. ಆ ಚಳಿಗಾಲ ಆ ಮನೆಯಲ್ಲಿ ಬೇಸಿಗೆಗಿಂತ ಹೆಚ್ಚು ನೀರು ಖರ್ಚಾಯಿತು.

ಹೀಗಿರುವಾಗ ಕನ್ನಡಕದ ಅಂಗಡಿಯಲ್ಲಿ ಶನಿವಾರದ ಕೆಲಸ ಹೆಚ್ಚಾಯಿತು. ಒಂದು ಶನಿವಾರ ಸೊಸೆ ತಡವಾಗಿ ಬಂದವಳು ಚೀಲದಿಂದ ಒಂದು ಪ್ಯಾಕೆಟ್ ತೆಗೆದು ಕಟ್ಟೆಯ ಮೇಲೆ ಎಸೆದಳು. ಒಳಗೆ ಬಟ್ಟೆಯ ಹಾಗೆ ಮೆತ್ತಗಿರುವ, ತಟ್ಟೆಯಷ್ಟು ಅಗಲದ ತೆಳು ರೊಟ್ಟಿಗಳು. ಟಾರ್ಟಿಯಾ ಎಂದು ಮೇಲೆ ಬರೆದಿತ್ತು.

"ಇವತ್ತು ಪಿಜ್ಜಾ" ಎಂದಳು ಸೊಸೆ.

ಮಗ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. "ಇದರಾಚೆ ನೀನು ಕಾಣಿಸ್ತಿದ್ದೀಯಲ್ಲೇ. ಇದು ಪಿಜ್ಜಾನಾ?"

"ಪಿಜ್ಜಾದ ತಂಗಿ. ಹಿಟ್ಟು ನಾದೋ ಹಾಗಿಲ್ಲ, ಕಾಯೋ ಹಾಗಿಲ್ಲ. ಬೇಡ ಅಂದ್ರೆ ಆಚೆ ಹೋಗಿ ಅಕ್ಕನ್ನ ತಿಂದು ಬನ್ನಿ."

ಅಕ್ಕನ ಬೆಲೆ ಮಗನಿಗೆ ಗೊತ್ತಿತ್ತು. ಸುಮ್ಮನೆ ಕೂತ.

ಮಾಡುವುದು ನಿಜವಾಗಿಯೂ ಸುಲಭವಿತ್ತು. ಮೊದಲು ಟಾರ್ಟಿಯಾವನ್ನು ಒಣ ಹಂಚಿನ ಮೇಲೆ ಎರಡೂ ಕಡೆ ಕೊಂಚ ಬಿಸಿ ಮಾಡಬೇಕು, ಇಲ್ಲದಿದ್ದರೆ ಮೇಲಿನ ಹಸಿಗೆ ಅದು ಒದ್ದೆ ಕರವಸ್ತ್ರವಾಗುತ್ತದೆ. ಅದರ ಮೇಲೆ ಟೊಮೆಟೊ ಸಾಸನ್ನು ಚಮಚದ ಬೆನ್ನಿನಿಂದ ತೆಳ್ಳಗೆ ಸವರಬೇಕು. ತುರಿದ ಚೀಸು. ಆಮೇಲೆ ಅವರವರ ಇಷ್ಟ. ಈರುಳ್ಳಿ, ದಪ್ಪ ಮೆಣಸಿನಕಾಯಿ, ಅಣಬೆ, ಜೋಳದ ಕಾಳು ಎಲ್ಲವನ್ನೂ ಬಟ್ಟಲುಗಳಲ್ಲಿ ಇಟ್ಟು ಸೊಸೆ ಹೇಳಿದಳು, "ಅವರವರದ್ದು ಅವರವರೇ ಜೋಡಿಸ್ಕೊಳ್ಳಿ. ಆಮೇಲೆ ನನ್ನ ಹತ್ರ ದೂರು ತರಬೇಡಿ."

ಮೊಮ್ಮಗಳು ಜೋಳದ ಕಾಳಿನಿಂದ ಒಂದು ಮುಖ ಬರೆದಳು. ಅದು ಅವಳ ಗಣಿತದ ಮೇಷ್ಟ್ರಂತೆ. ಮಗ ಎಲ್ಲ ಬಟ್ಟಲಿನಿಂದಲೂ ಬಾಚಿ ಬಾಚಿ ಗುಡ್ಡ ಕಟ್ಟಿದ. ಸೊಸೆ ಅಣಬೆಯ ತೆಳು ಹೋಳುಗಳನ್ನು ಒಂದರ ಅಂಚಿಗೆ ಒಂದು ತಾಗದಂತೆ ಸುತ್ತಲೂ ಇಟ್ಟಳು, ಗಾಜು ಕೂರಿಸುವವಳ ಹಾಗೆ. ದೊಡ್ಡಮ್ಮ ಇದನ್ನೆಲ್ಲ ಸ್ಟೂಲಿನ ಮೇಲಿಂದ ನೋಡಿದರು. ಅವರ ಅಂಗೈ ಮಡಿಲಿನಲ್ಲಿ ಸಿದ್ಧವಾಗಿ ಕಾಯುತ್ತಿತ್ತು. "ಅತ್ತೆ, ಕೈ" ಎಂದು ಯಾರೂ ಅನ್ನಲಿಲ್ಲ. ಸಾಸು ಬಾಟಲಿಯಿಂದ ಬಂದದ್ದು. ಯಾವುದೋ ಊರಿನ ಯಾರೋ ಅದಕ್ಕೆ ಆಗಲೇ ಸರಿ ಎಂದಾಗಿತ್ತು.

ಸಿಕ್ಕಿಬೀಳುವ ಭಯ ಹೋಯಿತೆಂದು ದೊಡ್ಡಮ್ಮನಿಗೆ ಹಾಯೆನಿಸಿತು. ಆ ಹಾಯಿ ಅವರು ತಮ್ಮ ಪಿಜ್ಜಾದ ಮೇಲೆ ಈರುಳ್ಳಿ ಹರಡಿ ಮುಗಿಸುವ ತನಕವೂ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅಷ್ಟು ವರ್ಷ, ಇಲ್ಲಿ ಇಷ್ಟು ವರ್ಷ ಇದ್ದ ಹುದ್ದೆಯೊಂದು ಸದ್ದಿಲ್ಲದೆ ರದ್ದಾಗಿತ್ತು. ಕಿಟಕಿ ಪಕ್ಕದ ಕುರ್ಚಿ ಇನ್ನೊಂದು ದಾರಿಯಿಂದ ಮನೆಯೊಳಗೆ ಬರುತ್ತಿತ್ತು.

ಅವರನ್ನು ಉಳಿಸಿದ್ದು ಓವನ್. ಅದು ಹಳೆಯದು. ಒಮ್ಮೆಗೆ ಒಂದೇ ಪಿಜ್ಜಾ ಹಿಡಿಯುತ್ತಿತ್ತು. ಒಳಗಿನ ದೀಪ ಕೆಟ್ಟು ಎಷ್ಟೋ ಕಾಲವಾಗಿತ್ತು, ಬಾಗಿಲಿನ ಗಾಜು ಹೊಗೆ ಕುಡಿದು ಕಂದಾಗಿತ್ತು. ಬಾಗಿಲು ತೆರೆದು ನೋಡಿದರೆ ಬಿಸಿಯೆಲ್ಲ ಹೊರಗೆ. ತೆರೆಯದಿದ್ದರೆ, ಟಾರ್ಟಿಯಾ ಎಂಬುದು ಬೆಂದದ್ದಕ್ಕೂ ಸುಟ್ಟದ್ದಕ್ಕೂ ನಡುವೆ ಉಸಿರು ಬಿಡಲೂ ಹೊತ್ತು ಕೊಡದ ಜಾತಿ. ಮೊದಲನೆಯದೇ, ಗಣಿತದ ಮೇಷ್ಟ್ರು, ಗಡ್ಡದ ಕಡೆಯಿಂದ ಕರಕಲಾಗಿ ಹೊರಬಂದರು.

ಸೊಸೆ ಅದನ್ನು ನೋಡಿ, ಅತ್ತೆಯ ಕಡೆ ತಿರುಗಿದಳು. "ನಾವ್ಯಾಕೆ ಒದ್ದಾಡ್ತಿದ್ದೀವಿ? ಅತ್ತೆ ಪಕ್ಕದಲ್ಲೇ ಕೂತಿದ್ದಾರೆ. ಅವರ ಮೂಗು ಹೇಳಿದಾಗ ತೆಗೆದರಾಯ್ತು."

"ಕಾರಿಡಾರ್ ಆ ಕಡೆಯಿಂದ ಹೇಳ್ತಿದ್ದೋಳು ಇಲ್ಲಿಂದ ಹೇಳಲ್ವಾ?" ಎಂದ ಮಗ ಹೆಮ್ಮೆಯಿಂದ.

ಎಲ್ಲರೂ ಅವರನ್ನೇ ನೋಡುತ್ತಿದ್ದರು. ದೊಡ್ಡಮ್ಮ ಸ್ಟೂಲನ್ನು ಓವನ್ನಿನ ಕಡೆಗೆ ಒಂದು ಗೇಣು ಎಳೆದುಕೊಂಡರು. "ಇಡಿ" ಎಂದರು.

ಮಗನ ಗುಡ್ಡ ಒಳಗೆ ಹೋಯಿತು. ದೊಡ್ಡಮ್ಮ ಮೂಗು ಎತ್ತಿ ಗಾಳಿ ಎಳೆದುಕೊಂಡರು. ಗಾಳಿ ಗಾಳಿಯಾಗಿಯೇ ಇತ್ತು. ಗಡಿಯಾರ ಹಾಲಿನಲ್ಲಿತ್ತು, ಅದರ ಮಾತನ್ನು ನಂಬುವ ಹಾಗೂ ಇರಲಿಲ್ಲ. ಏನೂ ತೋಚದೆ ಅವರು ಮನಸ್ಸಿನಲ್ಲೇ ಸಂಜೆಯ ಪ್ರಾರ್ಥನೆ ಹೇಳಿಕೊಳ್ಳತೊಡಗಿದರು. ಚಿಕ್ಕವರಿದ್ದಾಗ ತಾಯಿ ಕಲಿಸಿದ್ದು. ಬೆಳಗು ಕೊಟ್ಟದ್ದಕ್ಕೆ, ಅನ್ನ ಕೊಟ್ಟದ್ದಕ್ಕೆ ವಂದನೆ. ಆಮೇಲೆ ಮನೆಯಲ್ಲಿರುವವರನ್ನು ಕಾಯಿ, ದಾರಿಯಲ್ಲಿರುವವರನ್ನು ಕಾಯಿ, ಹಾಸಿಗೆಯಲ್ಲಿರುವವರನ್ನು ಕಾಯಿ, ಒಲೆಯ ಮುಂದಿರುವವರನ್ನು ಕಾಯಿ. ಕೊನೆಗೆ ಎಲ್ಲರಿಗೂ ಒಳ್ಳೆಯ ನಿದ್ದೆ. ಆಸ್ಪತ್ರೆಯಲ್ಲೂ ಪ್ರತಿ ಸಂಜೆ ಕೆಲಸದ ನಡುವೆಯೇ ಇದನ್ನು ಹೇಳಿಕೊಂಡು ಬಂದಿದ್ದರಿಂದ ಅದಕ್ಕೊಂದು ನಡಿಗೆ ಬಿದ್ದಿತ್ತು. ಅವಸರವಿಲ್ಲ, ಆಲಸ್ಯವಿಲ್ಲ.

ಒಳ್ಳೆಯ ನಿದ್ದೆಗೆ ಬಂದಾಗ, ದೇವರ ಮೇಲೆ ಭಾರ ಹಾಕಿ, "ತೆಗೀರಿ" ಎಂದರು.

ಅಂಚು ಕೆಂಪಗಿತ್ತು. ಚೀಸು ಕುದಿಯುತ್ತಿತ್ತು. "ನೋಡಿದ್ಯಾ!" ಎಂದ ಮಗ, ತಾನೇ ಮೂಸಿದವನ ಹಾಗೆ.

ಅಲ್ಲಿಂದ ಶನಿವಾರ ಪಿಜ್ಜಾದ ವಾರವಾಯಿತು. ಹಗಲು ಯಾರೂ ಇಲ್ಲದಾಗ ದೊಡ್ಡಮ್ಮ ಬರಿಯ ಟಾರ್ಟಿಯಾ ಇಟ್ಟು ಅಭ್ಯಾಸ ಮಾಡಿ ತಮ್ಮ ಅಳತೆಯನ್ನು ತಿದ್ದಿಕೊಂಡರು. ಮೊಮ್ಮಗಳದ್ದಕ್ಕೆ ಒಂದು ಪ್ರಾರ್ಥನೆ. ಸೊಸೆಯ ಅಣಬೆಗೂ ಒಂದು. ಮಗನ ಗುಡ್ಡಕ್ಕೆ ಹಾಸಿಗೆಯಲ್ಲಿರುವವರನ್ನು ಎರಡು ಸಲ ಕಾಯಬೇಕಿತ್ತು. ದೇವರನ್ನು ಅಲಾರಂ ಮಾಡಿಕೊಂಡೆನಲ್ಲ ಎಂದು ಅವರಿಗೆ ಆಗಾಗ ಮುಜುಗರವಾಗುತ್ತಿತ್ತು. ಮೊದಲ ಕೆಲವು ವಾರ ಪ್ರಾರ್ಥನೆಗೆ ಮುಂಚೆ ಕ್ಷಮೆ ಕೇಳಿಕೊಂಡರು. ಆದರೆ ಆ ಕ್ಷಮೆಯಿಂದ ಅಳತೆ ಹೆಚ್ಚುಕಡಿಮೆಯಾಗುತ್ತಿದ್ದುದರಿಂದ ಅದನ್ನು ಓವನ್ ಬಿಸಿಯಾಗುವ ಹೊತ್ತಿಗೆ ಸರಿಸಿದರು.

ಮನೆಗೆ ಬಂದವರ ಮುಂದೆಲ್ಲ ಮಗ ಆ ಮೂಗನ್ನು ಹೊಗಳತೊಡಗಿದ. ದೊಡ್ಡಮ್ಮ ತಲೆ ತಗ್ಗಿಸಿ ಕೂರುತ್ತಿದ್ದರು. ಜನ ಅದನ್ನು ವಿನಯ ಎಂದುಕೊಂಡರು.

ಒಂದು ಶನಿವಾರ ಸೊಸೆ ಅಂಗಡಿಯಿಂದ ಬಂದವಳು ಬಟ್ಟೆಯನ್ನೂ ಬದಲಿಸದೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕಣ್ಣು ಕೆಂಪಗಿತ್ತು. ಯಾರೋ ಗಿರಾಕಿಯ ಗಾಜಿನಲ್ಲಿ ಗೆರೆ ಉಳಿದಿತ್ತಂತೆ, ಯಜಮಾನ ಎಲ್ಲರೆದುರು ಕೂಗಾಡಿದನಂತೆ. ಮಗನದೂ ಮೊಮ್ಮಗಳದೂ ಆಗಲೇ ಬೆಂದು ಹಾಲಿಗೆ ಹೋಗಿದ್ದವು. ಸೊಸೆ ಕೊನೆಗೆ ಎದ್ದು, ತನ್ನ ಅಣಬೆ ಜೋಡಿಸಿ, ಬಗ್ಗಿ ಟಾರ್ಟಿಯಾವನ್ನು ಓವನ್ನಿಗಿಟ್ಟು, ಬಾಗಿಲು ಮುಚ್ಚಿ, ಅತ್ತೆಯ ಮೊಣಕಾಲಿನ ಮೇಲೆ ಕೈಯೂರಿ ನೆಟ್ಟಗೆ ನಿಂತಳು.

"ಅತ್ತೆ, ಅಂಗಡೀಲಿ ಪ್ರತಿಯೊಂದನ್ನೂ ಎರಡೆರಡು ಸಲ ನೋಡ್ಬೇಕು. ಬಸ್ ಹತ್ತಿದ್ರೆ ಚೀಲ ನೋಡ್ಕೋಬೇಕು. ಮನೆಗೆ ಬಂದ್ರೆ ಮಗಳ ಪುಸ್ತಕ ನೋಡ್ಬೇಕು, ಇವರ ಮುಖ ನೋಡ್ಬೇಕು. ನಾನು ತಿರುಗಿ ನೋಡದೇ ಇರೋ ಜಾಗ ಅಂದ್ರೆ ನೀವು ಕೂತಿರೋ ಜಾಗ ಒಂದೇ" ಎಂದು ಮುಖ ತೊಳೆಯಲು ಹೋದಳು.

ಅವಳು ಹಿಂದೆಂದಾದರೂ ಅಷ್ಟು ಉದ್ದ ಮಾತಾಡಿದ್ದು ದೊಡ್ಡಮ್ಮನಿಗೆ ನೆನಪಿರಲಿಲ್ಲ.

ಅವರು ಪ್ರಾರ್ಥನೆ ಶುರುಮಾಡಿದರು. ಬೆಳಗು ಕೊಟ್ಟದ್ದಕ್ಕೆ. ಅನ್ನ ಕೊಟ್ಟದ್ದಕ್ಕೆ. ಮನೆಯಲ್ಲಿರುವವರನ್ನು ಕಾಯಿ ಎನ್ನುವಲ್ಲಿಗೆ ಬಂದಾಗ ಮುಂದಿನ ಮಾತು ಹೊರಡಲಿಲ್ಲ. ಮೊಣಕಾಲಿನ ಮೇಲೆ ಸೊಸೆಯ ಕೈಯ ಬಿಸಿ ಇನ್ನೂ ಇತ್ತು. ದೊಡ್ಡಮ್ಮ ಕಣ್ಣು ಮುಚ್ಚಿದರು. ತಾಯಿ ಕಲಿಸಿದ ಮಾತು ಬಿಟ್ಟು ತಮ್ಮದೇ ಮಾತು ಬಂತು. ನನಗೆ ಮೂಗಿಲ್ಲ ಅಂತ ನಿನಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ಅವಳು ತಿರುಗಿ ನೋಡದ ಒಂದೇ ಜಾಗದಲ್ಲಿ ನಾನು ಸುಳ್ಳು ಹೇಳಿಕೊಂಡು ಕೂತಿದ್ದೇನೆ. ಹೇಳುವ ಧೈರ್ಯ ನನಗಿಲ್ಲ. ಹೇಳಿದರೆ ಈ ಸ್ಟೂಲು ಹೋಗುತ್ತದೆ, ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಏನಾದರೂ ದಾರಿ ಮಾಡು. ನೀನೇ ಅವಳಿಗೆ ತಿಳಿಸು. ಹೀಗೆ ಅದನ್ನೇ ತಿರುಗಿಸಿ ಮುರುಗಿಸಿ ಎಷ್ಟು ಹೊತ್ತು ಕೇಳಿಕೊಂಡರೋ, ಅವರಿಗೂ ಗೊತ್ತಿಲ್ಲ.

"ಅಜ್ಜೀ! ಹೊಗೆ!"

ದೊಡ್ಡಮ್ಮ ಕಣ್ಣು ಬಿಟ್ಟರು. ಓವನ್ನಿನ ನಾಲ್ಕೂ ಸಂದಿನಿಂದ ಹೊಗೆ ಎದ್ದು, ಫ್ರಿಜ್ಜಿನ ತಲೆ ದಾಟಿ, ಹಾಲಿನ ಕಡೆ ಹೊರಟಿತ್ತು. ಅದರ ನಡುವೆ ಅವರು ಕೈ ಜೋಡಿಸಿಕೊಂಡು ಶಾಂತವಾಗಿ ಕೂತಿದ್ದರು. ಪ್ರಾರ್ಥನೆ ಇಷ್ಟು ಬೇಗ ಕೇಳಿಸುತ್ತದೆಂದು ಗೊತ್ತಿದ್ದರೆ ಅವರು ಎಂಥ ದಾರಿ ಬೇಕೆಂಬುದನ್ನೂ ಸ್ವಲ್ಪ ವಿವರವಾಗಿ ಹೇಳಿರುತ್ತಿದ್ದರು.

ಮಗ ಸ್ವಿಚ್ಚು ಆರಿಸಿದ. ಮೊಮ್ಮಗಳು ಕಿಟಕಿ ತೆರೆದಳು. ಸೊಸೆ ಒದ್ದೆ ಮುಖದಲ್ಲೇ ಬಂದು ಕಪ್ಪು ತಟ್ಟೆಯೊಂದನ್ನು ಹೊರಗೆಳೆದು ಸಿಂಕಿಗೆ ಹಾಕಿದಳು.

"ಹಾಲಿನ ತನಕ ಬಂತಲ್ಲಮ್ಮ ವಾಸನೆ! ನೀನು ಇಲ್ಲೇ ಕೂತಿದ್ದೀಯ!" ಎಂದ ಮಗ.

"ಕಣ್ಣು ಹತ್ತಿಬಿಡ್ತು ಕಣೋ."

ಸೊಸೆ ಅತ್ತೆಯ ಮುಖವನ್ನು ಬೆಳಕಿಗೆ ಹಿಡಿದ ಗಾಜಿನ ಹಾಗೆ ನೋಡಿದಳು. "ಅತ್ತೆ, ಕಣ್ಣು ಮುಚ್ಚಿ" ಎಂದಳು.

ದೊಡ್ಡಮ್ಮ ಮುಚ್ಚಿದರು. ಡಬ್ಬಿಯೊಂದರ ಮುಚ್ಚಳ ಟಪ್ ಎಂದಿತು.

"ಇದೇನು?"

ಮನೆಯ ಎಲ್ಲ ಡಬ್ಬಿಗಳ ಸದ್ದೂ ದೊಡ್ಡಮ್ಮನಿಗೆ ಗೊತ್ತಿತ್ತು. ಮೂಗು ಎಳೆದು, "ಕಾಫಿಪುಡಿ. ಇನ್ನೇನಿರತ್ತೆ" ಎಂದರು.

ಕಣ್ಣು ಬಿಟ್ಟರೆ, ಕಾಫಿಪುಡಿಯ ಡಬ್ಬಿ ಕಟ್ಟೆಯ ಮೇಲಿತ್ತು. ಮೂಗಿನ ಕೆಳಗೆ ಸೊಸೆ ಹಿಡಿದಿದ್ದದ್ದು ಪಾತ್ರೆ ತೊಳೆಯುವ ಸೋಪು.

"ಯಾವಾಗಿನಿಂದ?" ಎಂದಳು ಸೊಸೆ.

"ಜ್ವರ ಬಂತಲ್ಲ, ಆವಾಗಿನಿಂದ."

ಮಗನ ಬಾಯಿ ತೆರೆದುಕೊಂಡಿತು. "ಅದಕ್ಕೇನಾ ಆ ಪಾಟಿ ಉಪ್ಪು? ನಾನು ನನ್ನ ನಾಲಿಗೆಗೇ ರೋಗ ಬಂದಿದೆ ಅಂತ ಡಾಕ್ಟರ್ ಹತ್ರ ಹೋಗಿದ್ದೆ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದ್ರು. ಏನೂ ಇಲ್ಲ, ಉಪ್ಪು ಕಡಿಮೆ ತಿನ್ನಿ ಅಂದ್ರು!"

ಮೊಮ್ಮಗಳು ನಕ್ಕಳು. ಸೊಸೆ ನಗಲಿಲ್ಲ.

"ಉಪ್ಪು ಸಾಯಲಿ. ಇಡೀ ದಿನ ಒಬ್ರೇ ಇರ್ತೀರ. ನೀವೇ ಗ್ಯಾಸ್ ಹಚ್ತೀರ, ನೀವೇ ಆರಿಸ್ತೀರ. ಒಂದು ದಿನ ಅದು ಸೋರಿದ್ರೆ? ಯಾರು ಹೇಳ್ತಿದ್ರು ನಿಮಗೆ?" ಅವಳು ಸೋಪನ್ನು ಕಟ್ಟೆಯ ಮೇಲೆ ಕುಕ್ಕಿದಳು. "ನಾನು ಅಲ್ಲಿ ಕೂತ್ಕೊಂಡು, ಮನೇಲಿ ಅತ್ತೆ ಇದ್ದಾರೆ ಅಂದ್ಕೊಂಡು ಗಾಜು ಉಜ್ಜುತ್ತಾ ಇರ್ತೀನಿ."

ಉಪ್ಪಿಗೆ ಬೈಸಿಕೊಳ್ಳಲು ದೊಡ್ಡಮ್ಮ ಸಿದ್ಧವಾಗಿದ್ದರು. ಈ ಬೈಗುಳಕ್ಕೆ ಸಿದ್ಧವಾಗಿರಲಿಲ್ಲ.

ಮಗ ಸ್ಟೂಲನ್ನು ಎತ್ತಿಕೊಂಡು ಹಾಲಿಗೆ ಹೋದ. ಅದನ್ನು ಗಡಿಯಾರದ ಕೆಳಗೆ, ಕಿಟಕಿಯ ಪಕ್ಕ ಇಟ್ಟ. ಮೇಲೊಂದು ಮೆತ್ತೆ ಹಾಕಿದ. "ಇಲ್ಲಿ ಕೂತ್ಕೋ ಅಮ್ಮ. ಸುಧಾರಿಸ್ಕೋ" ಎಂದ, ಬಹಳ ಪ್ರೀತಿಯಿಂದ.

ಆ ವಾರ ಡಾಕ್ಟರರನ್ನು ಕಂಡದ್ದಾಯಿತು. ಮೂಗು ಬರಲೂಬಹುದು, ಬರದೆಯೂ ಇರಬಹುದು ಎಂದರು. ಅಷ್ಟು ದೊಡ್ಡಮ್ಮನಿಗೂ ಗೊತ್ತಿತ್ತು. ಸೊಸೆ ಒಂದು ಬಿಳಿಯ ಪೆಟ್ಟಿಗೆ ತಂದು ಒಲೆಯ ಪಕ್ಕದ ಗೋಡೆಗೆ ಹೊಡೆಸಿದಳು. ಗ್ಯಾಸು ಸೋರಿದರೆ ಅದು ಕಿರುಚುತ್ತದಂತೆ. ದೊಡ್ಡಮ್ಮ ಬಾಗಿಲಲ್ಲಿ ನಿಂತು, ತಮ್ಮ ಜಾಗಕ್ಕೆ ಬಂದ ಹೊಸಬನನ್ನು ನೋಡಿದರು. ಅದಕ್ಕೆ ಕೆಂಪು ಕಣ್ಣೊಂದಿತ್ತು. ಮಾತಿಲ್ಲ ಕತೆಯಿಲ್ಲ.

ಕಿಟಕಿಯಿಂದ ಬೀದಿ ಕಾಣುತ್ತಿತ್ತು. ಬೀಗದ ರಿಪೇರಿಯವನು ಅಂಗಡಿ ತೆರೆಯುವುದು, ಮುಚ್ಚುವುದು. ಮನೆಯವರು ಹೋಗುವಾಗ ಬರುವಾಗ ದೊಡ್ಡಮ್ಮನನ್ನು ನೋಡಿ ನಗುತ್ತಿದ್ದರು. ಚಹಾ ಕೊಡುತ್ತಿದ್ದರು. ಹಳೆಯ ಬ್ರೆಡ್ಡಿನವನು ಎರಡು ವಾರ ಹೇಗೆ ಕೂತನೋ ಎಂದು ಅವರಿಗೆ ಆಶ್ಚರ್ಯವಾಯಿತು. ಅವನಿಗಾಗಿ ಅವರು ಬಹಳ ತಡವಾಗಿ ಒಂದು ಪ್ರಾರ್ಥನೆ ಮಾಡಿದರು.

ಶನಿವಾರ ಬಂತು. ಓವನ್ನಿನ ಉಸ್ತುವಾರಿ ಮೊಮ್ಮಗಳ ಮೊಬೈಲಿಗೆ ಹೋಯಿತು. ಮೊಬೈಲು ಹೊತ್ತಿಗೆ ಸರಿಯಾಗಿಯೇ ಬಡಿದುಕೊಂಡಿತು. ಆದರೆ ಆಗ ಅದು ಮೊಮ್ಮಗಳ ಕೈಯಲ್ಲಿ, ಆಚೆ ಬಾಲ್ಕನಿಯಲ್ಲಿ, ಗೆಳತಿಯೊಬ್ಬಳ ಜೊತೆ ಮಾತಾಡುತ್ತಿತ್ತು. ಮೊದಲನೆಯದು ಹೋಯಿತು. ಹೆದರಿದ ಮಗ ಎರಡನೆಯದನ್ನು ಮತ್ತೆ ಮತ್ತೆ ಬಾಗಿಲು ತೆರೆದು ನೋಡಿದ. ಅದು ಬೇಯಲೇ ಇಲ್ಲ. ಆಮೇಲೆ ತನ್ನ ಗುಡ್ಡವನ್ನು ಇಟ್ಟು, ಇನ್ನು ತೆರೆಯಬಾರದೆಂದು ಹಟ ಹಿಡಿದು ಕೂತ.

"ಒಂದು ಕಡೆ ಇದ್ದಿಲು, ಒಂದು ಕಡೆ ಕರವಸ್ತ್ರ" ಎಂದು ತಟ್ಟೆ ಹಿಡಿದುಕೊಂಡು ಹಾಲಿಗೆ ಬಂದ. "ಅಮ್ಮ, ನಿಜ ಹೇಳು. ಮೂಗಿಲ್ಲದೆ ಇಷ್ಟು ವಾರ ನೀನು ಹೇಗೆ ತೆಗೆಸ್ತಿದ್ದೆ?"

ಸೊಸೆಯೂ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ದೊಡ್ಡಮ್ಮನಿಗೆ ಇದನ್ನು ಹೇಳುವುದು ಮೂಗಿನ ವಿಷಯ ಹೇಳುವುದಕ್ಕಿಂತ ಕಷ್ಟವೆನಿಸಿತು.

"ಪ್ರಾರ್ಥನೆ ಹೇಳ್ಕೋತಿದ್ದೆ. ಅದು ಮುಗಿಯೋ ಹೊತ್ತಿಗೆ ಬೆಂದಿರೋದು."

ಬಾಲ್ಕನಿಯಿಂದ ಒಳಗೆ ಬಂದ ಮೊಮ್ಮಗಳ ಕಿವಿಗೂ ಅದು ಬಿತ್ತು.

"ಅಂದ್ರೆ ದೇವರು ಟೈಮರಾ ಅಜ್ಜಿ?" ಎಂದಳು ಮೊಮ್ಮಗಳು.

"ಬಿಡ್ತು ಅನ್ನು. ಟೈಮರ್ ನಾನು. ದೇವರು ಕೇಳಿಸ್ಕೊಳ್ಳೋನು."

ಸೊಸೆ ಹುಬ್ಬು ಗಂಟಿಕ್ಕಿ ಯೋಚಿಸುತ್ತಿದ್ದಳು. ಎಲ್ಲೋ ಒಂದು ಗೆರೆ ಅವಳ ಕಣ್ಣಿಗೆ ಬಿದ್ದಿತ್ತು. "ಅಷ್ಟು ವಾರ ಸುಡದೇ ಇದ್ದದ್ದು, ಆವತ್ತು ಮಾತ್ರ ಯಾಕೆ ಸುಟ್ಟಿತು?"

ದೊಡ್ಡಮ್ಮ ಕಿಟಕಿಯ ಕಡೆ ನೋಡಿದರು. "ಆವತ್ತು ನಿಜವಾಗಿ ಪ್ರಾರ್ಥನೆ ಮಾಡಿಬಿಟ್ಟೆ."

"ಏನಂತ?"

"ನಿನಗೆ ಹೇಗೆ ಹೇಳಲಿ ಅಂತ."

ಸೊಸೆ ಸ್ಟೂಲಿನ ಹತ್ತಿರ ಬಂದು, "ಏಳಿ ಅತ್ತೆ" ಎಂದಳು. ದೊಡ್ಡಮ್ಮ ಎದ್ದರು. ಅವಳು ಮೆತ್ತೆಯನ್ನು ತೆಗೆದು ಸೋಫಾದ ಮೇಲೆ ಎಸೆದು, ಸ್ಟೂಲನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಫ್ರಿಜ್ಜಿಗೂ ಓವನ್ನಿಗೂ ನಡುವೆ ಅದನ್ನಿಟ್ಟು, ಅಲ್ಲಾಡುತ್ತದೆಯೇ ಎಂದು ಕೈಯಿಂದ ಒತ್ತಿ ನೋಡಿದಳು.

"ಗ್ಯಾಸಿಗೆ ಆ ಪೆಟ್ಟಿಗೆ ಇದೆ. ಓವನ್ನಿಗೆ ನೀವು. ಆದ್ರೆ ಇನ್ಮೇಲೆ ಜೋರಾಗಿ ಹೇಳ್ಬೇಕು. ಮನಸ್ಸಿನೊಳಗೆ ಏನು ನಡೀತಿದೆ ಅಂತ ನಮಗೂ ಗೊತ್ತಾಗ್ಲಿ."

ಹೀಗೆ, ಪ್ರಾರ್ಥನೆಯ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ಕೋಣೆ ಸೇರುತ್ತಿದ್ದ ಆ ಮನೆಯಲ್ಲಿ ಶನಿವಾರ ಸಂಜೆ ನಾಲ್ಕು ಸಲ ಪ್ರಾರ್ಥನೆ ಕೇಳಿಸತೊಡಗಿತು, ಒಬ್ಬೊಬ್ಬರ ಪಿಜ್ಜಾಕ್ಕೆ ಒಂದೊಂದು. ಮೊದಲ ದಿನ ದೊಡ್ಡಮ್ಮನಿಗೆ ನಾಚಿಕೆಯಿಂದ ಧ್ವನಿಯೇ ಏಳಲಿಲ್ಲ. ಎರಡನೇ ವಾರದ ಹೊತ್ತಿಗೆ ಅದರ ಉಪಯೋಗ ಅವರಿಗೆ ಮನದಟ್ಟಾಯಿತು.

"ಮನೆಯಲ್ಲಿರುವವರನ್ನು ಕಾಯಿ. ಅದರಲ್ಲೂ ತಿಂದ ತಟ್ಟೆಯನ್ನು ಅಲ್ಲೇ ಬಿಟ್ಟು ಏಳುವವರಿಗೆ ಒಳ್ಳೆಯ ಬುದ್ಧಿ ಕೊಡು."

"ಅಮ್ಮಾ, ಇದು ನಿನ್ನ ಹಳೇ ಪ್ರಾರ್ಥನೇಲಿ ಇರ್ಲಿಲ್ಲ!" ಎಂದು ಹಾಲಿನಿಂದ ಮಗ ಕೂಗುವನು.

"ನಿನ್ನ ಗುಡ್ಡಕ್ಕೆ ಹೆಚ್ಚು ಹೊತ್ತು ಬೇಕಲ್ಲಪ್ಪ. ಎಲ್ಲಿಂದ ತರಲಿ?"

ಮಾತು ತೀರಾ ದಾರಿ ಬಿಟ್ಟು ಹೋದರೆ "ಅಜ್ಜಿ, ನಿದ್ದೆಗೆ ಬಾ! ನಿದ್ದೆಗೆ ಬಾ!" ಎಂದು ಎಚ್ಚರಿಸುವುದು ಮೊಮ್ಮಗಳ ಕೆಲಸ. ಅಂಗೈಯ ಕಟ್ಟುಪಾಡೂ ಮರಳಿತು. ಬಾಟಲಿ ಸಾಸಿನ ಬದಲು ಸೊಸೆ ಟೊಮೆಟೊ ಬೇಯಿಸಿ, ಒಣಮೆಣಸಿನಕಾಯಿ ಹಾಕಿ, ತಾನೇ ಸಾಸು ಮಾಡತೊಡಗಿದಳು. ಉಪ್ಪು ಅವಳೇ ನೋಡಿಕೊಳ್ಳುವಳು. ಆಮೇಲೆ "ಅತ್ತೆ, ಕೈ" ಎನ್ನುವಳು. "ಖಾರ ನೋಡಿ. ಅದು ಗೊತ್ತಾಗತ್ತಲ್ಲ." ಅತ್ತೆ ನೆಕ್ಕಿ, ಪೆಟ್ಟು ಎಷ್ಟು ಬಿತ್ತೆಂದು ಅಳೆದು, ಸುಮ್ಮನೆ ನಿಂತರೆ ಸಾಸು ಮತ್ತೆ ಒಲೆಗೆ.

ಕೆಲವು ವಾರಗಳಾದ ಮೇಲೆ ಒಂದು ಶನಿವಾರ ಕೊನೆಯದಾಗಿ ಸೊಸೆಯ ಅಣಬೆಯ ಪಿಜ್ಜಾ ಒಳಗೆ ಹೋಯಿತು. ದೊಡ್ಡಮ್ಮ ಶುರುಮಾಡಿದರು. ಬೆಳಗು, ಅನ್ನ. ಮನೆಯಲ್ಲಿರುವವರ ಹತ್ತಿರ ಬಂದು ಅವರ ದನಿ ತಗ್ಗಿತು. ಎಲ್ಲವನ್ನೂ ಎರಡೆರಡು ಸಲ ನೋಡಿ ದಣಿಯುವ ಕಣ್ಣೊಂದಿದೆ, ಅದಕ್ಕೆ ತಂಪು ಕೊಡು ಎಂದರು. ಆ ಅಂಗಡಿ ಯಜಮಾನನ ನಾಲಿಗೆಗೆ ಸ್ವಲ್ಪ ಮೆದುತನ ಕೊಡು. ನನ್ನ ಮೂಗನ್ನು ಇಟ್ಟುಕೊಂಡಿದ್ದೀಯಲ್ಲ, ಇಟ್ಟುಕೋ, ಬೇಕಾದರೆ ಅದರ ಬದಲಿಗೆ ಇದನ್ನು ಕೊಡು. ಅವರು ಕಣ್ಣು ಮುಚ್ಚಿದ್ದರು. ಮುಂದೆಯೂ ಬಹಳ ಹೇಳುವುದಿತ್ತು, ಹೇಳಿದರು.

ಹಾಲಿನಲ್ಲಿ ಮಗ ತಟ್ಟೆ ಕೈಯಲ್ಲಿ ಹಿಡಿದು ಕೂತಿದ್ದ. ಮೊಮ್ಮಗಳು ನಿದ್ದೆಗೆ ಬಾ ಎಂದು ಕೂಗಲಿಲ್ಲ. ಸೊಸೆ ಹೊಸ್ತಿಲ ಮೇಲೆ ನಿಂತಿದ್ದಳು, ಅವಳಿಗೂ ಕೇಳಿಸುತ್ತಿತ್ತು. ಮನೆಯಲ್ಲಿ ಕೆಲಸ ಮಾಡುವ ಮೂಗು ಮೂರು ಇದ್ದವು. ಮೂರಕ್ಕೂ ವಾಸನೆ ಬಂತು. ಯಾರೂ ಏಳಲಿಲ್ಲ.

ಕೊನೆಗೆ ದೊಡ್ಡಮ್ಮ ಒಳ್ಳೆಯ ನಿದ್ದೆಗೆ ಬಂದು, ಕಣ್ಣು ಬಿಟ್ಟು, "ತೆಗೀರಿ" ಎಂದರು. ಹೊಗೆ ಕಂಡಿತು. ಅವರು ಬಾಯಿ ಮೇಲೆ ಕೈ ಇಟ್ಟುಕೊಂಡರು.

ಸೊಸೆ ತಟ್ಟೆಯನ್ನು ಹೊರಗೆಳೆದಳು. ಈ ಸಲ ಸಿಂಕಿಗೆ ಹಾಕಲಿಲ್ಲ. ಕಟ್ಟೆಯ ಮೇಲಿಟ್ಟು, ಚಾಕು ತೆಗೆದುಕೊಂಡು, ಸುತ್ತಲಿನ ಕರಿಯನ್ನು ನಿಧಾನವಾಗಿ ಕೆರೆದಳು. ನಡುವಿನಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದಳು. ದೊಡ್ಡಮ್ಮ ಸ್ಟೂಲಿನ ಮೇಲೆ ಕೂತು ಕಾದರು.

"ಸರಿ" ಎಂದಳು ಸೊಸೆ.